ತಾತ, ತಳ ನೋಡಿದ್ಯಾ?

ನಾಲ್ಕು ವರ್ಷದ ಹಿಂದೆ ನಾನೂ ನನ್ನಾಕೆಯೂ ಮೈಸೂರಿನಿಂದ ಅಮೆರಿಕದ ನ್ಯೂಜೆರ್ಸಿಗೆ, ಮಗಳ ಮನೆಗೆ ಹೊರಟೆವು. ಪೆಟ್ಟಿಗೆಯಲ್ಲಿ ಹುಳಿಪುಡಿ, ಚಟ್ನಿಪುಡಿಗಳ ಜೊತೆ ನಮ್ಮ ಮಿಕ್ಸಿಯೂ ಹತ್ತಿತು. ಅಲ್ಲಿಯ ಮಿಕ್ಸಿಯಲ್ಲಿ ದೋಸೆಹಿಟ್ಟು ನುಣ್ಣಗಾಗುವುದಿಲ್ಲ ಎಂದು ಯಾರೋ ಇವಳ ಕಿವಿ ಊದಿದ್ದರು. ನಮ್ಮ ದುಂಡು ಪಿನ್ನು ಅಲ್ಲಿಯ ಚಪ್ಪಟೆ ತೂತಿಗೆ ಕೂರುವುದಿಲ್ಲವೆಂದು ಗೊತ್ತಿತ್ತು. ಅದಕ್ಕೊಂದು ಅಡಾಪ್ಟರ್ ಕೊಂಡಿದ್ದೆ.

ಮಿಕ್ಸಿ ತಿರುಗಿತು, ಮುದಿ ಎತ್ತಿನ ಹಾಗೆ. ಮುಲುಗಿತೇ ಹೊರತು ಉದ್ದಿನಬೇಳೆ ಅರೆಯಲಿಲ್ಲ. ಒಂಬತ್ತು ವರ್ಷದ ಮೊಮ್ಮಗಳು ಪ್ಲಗ್ ಕಿತ್ತು, ಮಿಕ್ಸಿ ಮಗುಚಿ, ತಳದ ಚೀಟಿ ಓದಿದಳು.

“ತಾತ, ಇದು 230 ವೋಲ್ಟಿನದು. ಇಲ್ಲಿ ಬರೋದು 120. ತಳ ನೋಡಿದ್ಯಾ?”

ನೋಡಿರಲಿಲ್ಲ. ಚೆಕ್ಕಿನ ಹಿಂಭಾಗ ತಿರುಗಿಸದೆ ಒಂದು ದಿನವೂ ಹಣ ಕೊಡದಿದ್ದ ಬ್ಯಾಂಕ್ ಗುಮಾಸ್ತ ನಾನು! ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ ಎಂದು ಆ ಮಗುವಿನಿಂದ ಕಲಿತೆ.

ಅಷ್ಟಕ್ಕೇ ಬುದ್ಧಿ ಬಂದಿದ್ದರೆ ಈ ವಾರ ಬರೆಯಲು ಏನೂ ಇರುತ್ತಿರಲಿಲ್ಲ. ವಾಪಸು ಹೊರಡುವಾಗ ಇವಳ ಮಂಡಿನೋವಿಗೆಂದು ಅಲ್ಲಿಯ ಅಂಗಡಿಯಲ್ಲಿ ಹೀಟಿಂಗ್ ಪ್ಯಾಡ್ ಕೊಂಡೆ. ನಮ್ಮ ಮಿಕ್ಸಿ ಅಲ್ಲಿ ಸೊರಗಿತೇ ಹೊರತು ಕೆಡಲಿಲ್ಲವಲ್ಲ, ಅಲ್ಲಿಯದಕ್ಕೆ ಇಲ್ಲಿ ಏನಾದೀತು ಎಂಬ ಧೈರ್ಯ. ಮೈಸೂರಿಗೆ ಬಂದ ಮೂರನೆಯ ರಾತ್ರಿ ಇವಳು ಅದನ್ನು ಮಂಡಿಗೆ ಸುತ್ತಿಕೊಂಡು ಮಲಗಿದಳು. ನಾನು ಮುಂಬಾಗಿಲು ಹಾಕಿ ಬರುವಷ್ಟರಲ್ಲಿ ಕೋಣೆ ತುಂಬ ಸುಟ್ಟ ವಾಸನೆ. ಸ್ವಿಚ್ ಆರಿಸಿ ಪ್ಯಾಡು ಎಳೆದು ಬಿಸಾಕಿದೆ. ಸೀರೆಯ ಮೇಲೆ ಅಂಗೈಯಗಲ ಕಂದು ಕಲೆ, ಕೆಳಗೆ ಚರ್ಮ ಕೆಂಪು. ಬಹಳ ಹೊತ್ತು ತಣ್ಣೀರು ಹಾಕಿದೆವು. ನಿದ್ದೆಮಾತ್ರೆ ನುಂಗಿ ಮಲಗುವ ದಿನವಾಗಿದ್ದರೆ? ಆ ರಾತ್ರಿ ನಾನಂತೂ ಕಣ್ಣು ಮುಚ್ಚಲಿಲ್ಲ.

ಮಕ್ಕಳೇ, ಲೆಕ್ಕ ಹೀಗಿದೆ. ಶಾಖ ಕೊಡುವ ತಂತಿಗೆ ವೋಲ್ಟೇಜ್ ಎರಡರಷ್ಟಾದರೆ ಅದರಲ್ಲಿ ಹರಿಯುವ ಕರೆಂಟೂ ಎರಡರಷ್ಟಾಗುತ್ತದೆ. ಎರಡೆರಡಲೆ ನಾಲ್ಕು, ಶಾಖವೂ ನಾಲ್ಕು ಪಟ್ಟು. 120ರಿಂದ 230 ಎಂದರೆ ಪೂರ್ತಿ ಎರಡರಷ್ಟಲ್ಲ, ಆದ್ದರಿಂದ ಮೂರೂವರೆ ಪಟ್ಟಿಗಿಂತ ತುಸು ಹೆಚ್ಚು. 50 ವ್ಯಾಟಿನ ಪ್ಯಾಡು 180 ವ್ಯಾಟು ದಾಟುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ: ಇಲ್ಲಿಯ 1000 ವ್ಯಾಟಿನ ನೀರು ಕಾಯಿಸುವ ಕಾಯಿಲ್ ಅಲ್ಲಿ 300 ವ್ಯಾಟನ್ನೂ ಮುಟ್ಟುವುದಿಲ್ಲ. ಬೇಕಿದ್ದರೆ ಪೆನ್ಸಿಲ್ ಹಿಡಿದು ಮಾಡಿ ನೋಡಿ.

ಎಲ್ಲ ದೇಶದಲ್ಲೂ ಈ ತಾಪತ್ರಯವಿಲ್ಲ. ಬ್ರಿಟನ್, ಸಿಂಗಪುರಗಳಲ್ಲಿ ನಮ್ಮಂತೆಯೇ 230, ಪಿನ್ನು ಮಾತ್ರ ಬೇರೆ. ಜಪಾನಿನಲ್ಲಿ ಬರೀ 100. ಫೋನಿನ ಚಾರ್ಜರಿನ ಮೇಲೆ ಸಾಮಾನ್ಯವಾಗಿ 100-240 ಎಂದಿರುತ್ತದೆ. ಹಾಗಿದ್ದರೆ ಅಡಾಪ್ಟರ್ ಸಾಕು, ಎಲ್ಲಿಗಾದರೂ ಒಯ್ಯಿರಿ. ಒಂದೇ ಅಂಕಿಯಿದ್ದು, ಅದು ಹೋಗುವ ಊರಿನದಲ್ಲದಿದ್ದರೆ ಮನೆಯಲ್ಲೇ ಬಿಡಿ. ಅಕ್ಷರವೋ, ಸಾಸಿವೆ ಕಾಳಿಗಿಂತ ಸಣ್ಣದು. ನಮ್ಮ ವಯಸ್ಸಿನವರು ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಬೇಕು, ಇಲ್ಲವೇ ಮೊಮ್ಮಕ್ಕಳನ್ನು ಕರೆಯಬೇಕು.

ಮುಂದಿನ ತಿಂಗಳು ಮತ್ತೆ ಹೊರಟಿದ್ದೇವೆ. ಈಗ ಇವಳಿಗೆ ಉಬ್ಬಸ, ದಿನಾ ನೆಬ್ಯುಲೈಸರ್ ಬೇಕು. ಮೊನ್ನೆ ಅದರ ತಳದ ಫೋಟೋ ಮೊಮ್ಮಗಳಿಗೆ ಕಳಿಸಿದೆ. 230 ಮಾತ್ರ. ಅದನ್ನು ಇಲ್ಲೇ ಬಿಡುತ್ತಿದ್ದೇವೆ. ಡಾಕ್ಟರ ಚೀಟಿ ಮಗಳಿಗೆ ತಲುಪಿದೆ, ನಾವು ವಿಮಾನ ಹತ್ತುವ ಮೊದಲೇ ಅಲ್ಲಿಯದೊಂದು ಮನೆಯಲ್ಲಿರುತ್ತದೆ.