ರಸ್ತೆ ಅಗಲ ಆಗಲಿ, ನಮ್ಮ ಎದೆಯ ಮೇಲೆ ಅಲ್ಲ!

ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾ ತಾಲ್ಲೂಕುಗಳ ಅಣ್ಣಂದಿರೇ, ಅಕ್ಕಂದಿರೇ, ಕಾಲೇಜಿಗೆ ಹೋಗುವ ಮಕ್ಕಳೇ, ಅಂಗಡಿ–ಗೂಡಂಗಡಿಯವರೇ, ತಳ್ಳುಗಾಡಿಯವರೇ,

ಈ ಕರಪತ್ರವನ್ನು ಮಡಚಿ ಬಿಸಾಡಬೇಡಿ. ನಿಂತು ಓದಿ. ಓದಲು ಬಾರದವರಿಗೆ ಓದಿ ಹೇಳಿ. ಇದು ನಿಮ್ಮ ಬಾಗಿಲ ಮುಂದಿನ ರಸ್ತೆಯ ಮಾತು!

ತುಮಕೂರಿನಿಂದ ಕೊರಟಗೆರೆ, ಮಧುಗಿರಿ ದಾಟಿ ಪಾವಗಡ ಮುಟ್ಟುವ ರಸ್ತೆ ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರಿಗೆ ಬೇರೆ ಗತಿ ಇಲ್ಲ. ಆಸ್ಪತ್ರೆಗೆ ಇದೇ ರಸ್ತೆ. ಕಾಲೇಜಿಗೆ ಇದೇ ರಸ್ತೆ. ವಸಂತನರಸಾಪುರದ ಕಾರ್ಖಾನೆಗೆ, ಬೆಂಗಳೂರಿನ ಕೂಲಿಗೆ ಇದೇ ರಸ್ತೆ. ರಾಯದುರ್ಗ–ತುಮಕೂರು ರೈಲು ಮಾರ್ಗಕ್ಕೆ 2007–08ರಲ್ಲೇ ಒಪ್ಪಿಗೆ ಸಿಕ್ಕಿತು. ಆಗ ಹುಟ್ಟಿದ ಮಗು ಇವತ್ತು ಕಾಲೇಜಿನಲ್ಲಿದೆ. ಮಧುಗಿರಿ, ಕೊರಟಗೆರೆಯ ಜನ ಮಾತ್ರ ಇನ್ನೂ ಬಸ್ಸಿನ ಕಂಬಿ ಹಿಡಿದೇ ನಿಂತಿದ್ದಾರೆ!

ಆ ರಸ್ತೆ ಈಗಾಗಲೇ ಒಮ್ಮೆ ಅಗಲವಾಗಿದೆ. ಮಳವಳ್ಳಿಯಿಂದ ಪಾವಗಡದವರೆಗೆ ಸುಮಾರು 193 ಕಿಲೋಮೀಟರ್ ಉದ್ದಕ್ಕೂ ವಿಶ್ವಬ್ಯಾಂಕ್ ಸಾಲ ತಂದು ಮೇಲ್ದರ್ಜೆಗೆ ಏರಿಸಿದರು. ನಾವೆಲ್ಲ ಕೆಶಿಪ್ ರಸ್ತೆ ಅನ್ನುವುದು ಅದನ್ನೇ. ಗುಂಡಿ ಹೋಯಿತು, ನಮಗೂ ಖುಷಿಯಾಯಿತು. ಟೋಲ್ ಬಂತು, ಅದನ್ನೂ ಕೊಟ್ಟೆವು. ಆದರೆ ಈ ಅಗಲದಲ್ಲಿ ನಮ್ಮ ಪಾಲು ಎಷ್ಟು? ನಡೆದು ಹೋಗುವವನಿಗೆ ಎಷ್ಟು ಅಡಿ ಸಿಕ್ಕಿತು? ಬಸ್ಸಿಗೆ ಕಾಯುವ ತಾಯಿಗೆ ಎಷ್ಟು ನೆರಳು ಸಿಕ್ಕಿತು?

ನಿಮ್ಮೂರಿನ ಗೇಟಿಗೆ ಬಂದು ನೋಡಿ. ಹಳ್ಳಿಯ ದಾರಿ ಹೆದ್ದಾರಿ ಸೇರುವ ಜಾಗವದು. ಬೆಳಗಿನ ಹೊತ್ತು ಬ್ಯಾಗು ಹೊತ್ತ ಮಕ್ಕಳು ಬಿಳಿ ಪಟ್ಟಿಯ ಅಂಚಿನಲ್ಲಿ ನಿಂತಿರುತ್ತಾರೆ. ಎಷ್ಟು ಗೇಟುಗಳಲ್ಲಿ ಸೂರಿಲ್ಲ, ದೀಪವಿಲ್ಲ! ಮೈಗೆ ಗಾಳಿ ಬಡಿಯುವಂತೆ ಲಾರಿ ಹಾದು ಹೋಗುತ್ತದೆ. ಸಂಜೆ ಕತ್ತಲಲ್ಲಿ ಹಾಲಿನ ಕ್ಯಾನು ಹಿಡಿದ ಅಜ್ಜ ರಸ್ತೆ ದಾಟಬೇಕು. ಎದುರಿನಿಂದ ಬರುವ ಗಾಡಿ ನೂರರ ವೇಗದಲ್ಲಿರುತ್ತದೆ. ಅಜ್ಜನ ಕಾಲಿಗೆ ಆ ವೇಗ ಇದೆಯೇ?

ನಾವು ಹೆಣ ಎತ್ತಿದ್ದೇವೆ. ಮರೆತಿಲ್ಲ!

2022ರ ಮಾರ್ಚ್ 19, ಶನಿವಾರ ಬೆಳಿಗ್ಗೆ. ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆ ಹತ್ತಿರ ಉರುಳಿತು. ಒಳಗೆ ಕಾಲಿಡಲು ಜಾಗವಿಲ್ಲದೆ ಮಕ್ಕಳು ಟಾಪ್ ಮೇಲೂ ಕೂತಿದ್ದರು. ಕನಿಷ್ಠ ಐದು ಜೀವ ಹೋಯಿತು. ಕಾಲೇಜಿಗೆಂದು ಹೊರಟ ಮಕ್ಕಳು ಅದರಲ್ಲಿದ್ದರು. ಮಕ್ಕಳು ಟಾಪ್ ಹತ್ತಿದ್ದು ಆಸೆಯಿಂದಲ್ಲ. ಆ ಹೊತ್ತಿಗೆ ಇನ್ನೊಂದು ಬಸ್ಸು ಇದ್ದಿದ್ದರೆ ಯಾರು ಟಾಪ್ ಹತ್ತುತ್ತಿದ್ದರು?

ಅದೇ ವರ್ಷ ಆಗಸ್ಟ್ 25. ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಬಳಿ, ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗೂ ಕ್ರೂಸರಿಗೂ ಡಿಕ್ಕಿ. ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆ ಹೊರಟಿದ್ದ ಒಂಬತ್ತು ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಅದೇನು ಕಿರಿದಾದ ರಸ್ತೆಯೇ? ನಮ್ಮ ಸೀಮೆಯಲ್ಲಿ ಅದಕ್ಕಿಂತ ಅಗಲವಾದ ರಸ್ತೆ ಇನ್ನೊಂದಿಲ್ಲ!

2024ರ ಸೆಪ್ಟೆಂಬರ್‌ನಲ್ಲಿ ಮಧುಗಿರಿ ತಾಲ್ಲೂಕಿನಲ್ಲಿ ಎರಡು ಕಾರು ಎದುರುಬದುರಾಗಿ ಗುದ್ದಿ ಐವರು ಹೋದರು. ಪೇಪರಿನಲ್ಲಿ ಒಂದು ದಿನದ ಸುದ್ದಿ. ಆ ಮನೆಗಳಲ್ಲಿ ಜೀವಮಾನದ ಕತ್ತಲೆ.

ಈಗ ಮತ್ತೆ ಅದೇ ಮಾತು. ನಾಲ್ಕು ಪಥ ಮಾಡೋಣ, ಊರೊಳಗೆ ಅಗಲ ಮಾಡೋಣ, ಸಂಚಾರ ಸಲೀಸಾಗುತ್ತದೆ! ಯಾರ ಸಂಚಾರ? ಊರು ಹಾಯ್ದು ಹೋಗುವವರದ್ದು. ಊರಲ್ಲಿ ಉಳಿಯುವವರ ಗತಿ ಏನು?

ಮೊದಲು ಹೋಗುವುದು ಬಾಡಿಗೆ ಅಂಗಡಿಯವನ ಬದುಕು. ಕಟ್ಟಡ ಇನ್ನೊಬ್ಬರದ್ದು. ಪರಿಹಾರ ಬಂದರೂ ಮಾಲೀಕರ ಖಾತೆಗೆ. ಟೈಲರ್ ಅಣ್ಣ ಮಿಷನ್ ಹೊತ್ತುಕೊಂಡು ಎಲ್ಲಿ ಕೂರಬೇಕು? ಸೈಕಲ್ ಶಾಪಿನವನು ಗಿರಾಕಿಯನ್ನು ಎಲ್ಲಿ ಹುಡುಕಬೇಕು? ಅಂಗಡಿಗೆಂದು ತಂದ ಸಂಘದ ಸಾಲದ ಕಂತು ವಾರ ವಾರ ಬಂದು ಬಾಗಿಲು ಬಡಿಯುತ್ತದೆ. ರಸ್ತೆ ಅಗಲವಾಯಿತೆಂದು ಅದು ನಿಲ್ಲುವುದಿಲ್ಲ!

ಆಮೇಲೆ ತಳ್ಳುಗಾಡಿ, ಹೂವಿನ ಬುಟ್ಟಿ, ಕಡಲೆಕಾಯಿ ಮಂಕರಿ. ಪಾವಗಡದ ಶನಿಮಹಾತ್ಮನ ಗುಡಿಗೆ ಶನಿವಾರ ಎಲ್ಲಿಂದೆಲ್ಲಿಂದಲೋ ಭಕ್ತರು ಬರುತ್ತಾರೆ. ಗೊರವನಹಳ್ಳಿ ಮಹಾಲಕ್ಷ್ಮಿಗೆ ಜನ ಸಾಲುಗಟ್ಟುತ್ತಾರೆ. ಆ ದಾರಿಯಲ್ಲಿ ಎಣ್ಣೆ, ಎಳ್ಳು, ಹೂವು, ಕಾಯಿ ಮಾರಿ ಒಲೆ ಹಚ್ಚುವ ಅಕ್ಕಂದಿರ ಹೆಸರು ಯಾವ ನಕ್ಷೆಯಲ್ಲಿದೆ?

ಕೊನೆಗೆ ಮರ. ಹುಣಸೆ, ಹೊಂಗೆ, ಆಲ. ಮಳೆ ಕಡಿಮೆಯ ಸೀಮೆ ನಮ್ಮದು. ಒಂದು ಮರ ನೆರಳು ಕೊಡುವಷ್ಟು ಬೆಳೆಯಲು ಒಂದು ತಲೆಮಾರು ಬೇಕು, ಉರುಳಿಸಲು ಅರ್ಧ ಗಂಟೆ ಸಾಕು. ಮೇ ತಿಂಗಳ ಮಟಮಟ ಮಧ್ಯಾಹ್ನ ಬಸ್ಸಿಗೆ ಕಾಯುವ ಗರ್ಭಿಣಿಗೆ ಡಾಂಬರು ನೆರಳು ಕೊಡುತ್ತದೆಯೇ?

ಬಂಧುಗಳೇ, ನ್ಯಾಯ ಹೇಗೆ ನಡೆಯುತ್ತಿದೆ ನೋಡಿ. ಬೆಂಗಳೂರಿನಲ್ಲಿ ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡಲು ಅರಮನೆ ಮೈದಾನದ 15 ಎಕರೆಗೂ ಹೆಚ್ಚು ಜಾಗ ಬೇಕಾಯಿತು. ಅದರ ಪರಿಹಾರದ ಲೆಕ್ಕ ಸುಮಾರು 3,000 ಕೋಟಿ ರೂಪಾಯಿ! ಸುಪ್ರೀಂ ಕೋರ್ಟ್‌ವರೆಗೂ ವಾದ ನಡೆಯಿತು. ಇಷ್ಟು ಕೊಡಲಾರೆವೆಂದು ಸರ್ಕಾರ 2025ರ ಜನವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಅರಮನೆಯ ಜಾಗಕ್ಕೆ ವಕೀಲರ ಸಾಲು, ವರ್ಷಗಳ ವಿಚಾರಣೆ. ನಮ್ಮ ಹತ್ತಡಿ ಅಂಗಡಿಗೆ ಗೋಡೆಯ ಮೇಲೊಂದು ಕೆಂಪು ಗೀಟು!

ಆದರೆ ಕೆಂಪು ಗೀಟು ಕಂಡು ಹೆದರಬೇಡಿ. ಕಾನೂನು ನಮ್ಮ ಪರ ಇದೆ. ನಾವು ಕೇಳಬೇಕು ಅಷ್ಟೇ!

ಉತ್ತರ ಪ್ರದೇಶದ ಮಹಾರಾಜ್‌ಗಂಜ್‌ನಲ್ಲಿ 2019ರಲ್ಲಿ ರಸ್ತೆ ಅಗಲದ ಹೆಸರಿನಲ್ಲಿ ಒಬ್ಬರ ಮನೆ ಕೆಡವಿದರು. ಲಿಖಿತ ನೋಟಿಸ್ ಇಲ್ಲ. ಬರೀ ಡಂಗುರ ಸಾರಿದರು, ಬುಲ್ಡೋಜರ್ ತಂದರು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ಸರ್ಕಾರಕ್ಕೆ ಛೀಮಾರಿ ಹಾಕಿ 25 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅಷ್ಟೇ ಅಲ್ಲ, ಎಲ್ಲ ರಾಜ್ಯಗಳಿಗೂ ದಾರಿ ಹಾಕಿಕೊಟ್ಟಿತು. ದಾಖಲೆ ಪ್ರಕಾರ ರಸ್ತೆ ಎಷ್ಟು ಅಗಲ ಎಂದು ಮೊದಲು ನೋಡಬೇಕು. ಅಳತೆ ಮಾಡಿ ಒತ್ತುವರಿ ಇದೆಯೇ ತಿಳಿಯಬೇಕು. ಇದ್ದರೆ ಲಿಖಿತ ನೋಟಿಸ್ ಕೊಡಬೇಕು. ತಕರಾರು ಬಂದರೆ ಕಾರಣ ಬರೆದು ಆದೇಶ ಕೊಡಬೇಕು. ಇನ್ನೂ ಜಾಗ ಬೇಕಾದರೆ ಕಾನೂನು ಪ್ರಕಾರ ಸ್ವಾಧೀನ ಮಾಡಿಕೊಳ್ಳಬೇಕು. ನಮ್ಮ ಊರಿಗೂ ಇದೇ ನಿಯಮ!

2013ರ ಭೂಸ್ವಾಧೀನ ಕಾಯ್ದೆ ಬಾಡಿಗೆದಾರರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಅಲ್ಲೇ ದುಡಿದು ಬದುಕಿದವರು ಬಾಧಿತ ಕುಟುಂಬ. ಬಾಡಿಗೆ ಚೀಟಿ, ಕರೆಂಟ್ ಬಿಲ್, ಲೈಸೆನ್ಸ್ ಜೋಪಾನವಾಗಿ ಇಟ್ಟುಕೊಳ್ಳಿ! 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಬೀದಿ ವ್ಯಾಪಾರಿಯನ್ನು ಎಬ್ಬಿಸುವಂತಿಲ್ಲ. ಬೇರೆ ಕಡೆಗೆ ಕಳಿಸಬೇಕಾದರೆ 30 ದಿನದ ನೋಟಿಸ್ ಬೇಕು. ಯಾರೋ ಬಂದು ಗದರಿದರೆ ಗಾಡಿ ತಳ್ಳಿಕೊಂಡು ಓಡಬೇಡಿ. ಆದೇಶ ತೋರಿಸಿ ಅನ್ನಿ!

ನಾವು ರಸ್ತೆಯ ವಿರೋಧಿಗಳಲ್ಲ. ಈ ರಸ್ತೆಯಲ್ಲಿ ದಿನವೂ ಓಡಾಡುವವರು ನಾವೇ. ಒಳ್ಳೆಯ ರಸ್ತೆ ನಮಗೇ ಮೊದಲು ಬೇಕು. ಹಾಗಾಗಿ ನಾವು ಕೇಳುವುದು ಇಷ್ಟು:

1. ರಸ್ತೆಯ ಪೂರ್ತಿ ನಕ್ಷೆ ಪ್ರತಿ ಗ್ರಾಮ ಪಂಚಾಯಿತಿಯ, ಪುರಸಭೆಯ, ಪಟ್ಟಣ ಪಂಚಾಯಿತಿಯ ಗೋಡೆಗೆ ಬರಲಿ. ಕನ್ನಡದಲ್ಲಿ ಬರಲಿ. ಎಲ್ಲಿಂದ ಎಷ್ಟು ಅಡಿ ಎಂದು ಸ್ಪಷ್ಟವಾಗಿ ಬರಲಿ.

2. ಪರಿಹಾರದ ಹಣ ಕೈಗೆ ಬರುವ ಮುಂಚೆ ಒಂದು ಇಟ್ಟಿಗೆಯನ್ನೂ ಮುಟ್ಟಬೇಡಿ. ಬಾಡಿಗೆದಾರರಿಗೆ, ಗೂಡಂಗಡಿಯವರಿಗೆ ಬದಲಿ ಜಾಗ ಮೊದಲು, ಜೆಸಿಬಿ ಆಮೇಲೆ!

3. ಅಗಲದ ಮೊದಲ ಪಾಲು ನಡೆಯುವವರಿಗೆ. ಊರೊಳಗೆ ಎರಡೂ ಬದಿ ಪಾದಚಾರಿ ದಾರಿ ಬೇಕು. ಪ್ರತಿ ಗೇಟಿನಲ್ಲಿ ತಂಗುದಾಣ, ದೀಪ, ಉಬ್ಬು, ದಾಟಲು ಪಟ್ಟೆ ಬೇಕು. ಶಾಲೆ, ಆಸ್ಪತ್ರೆ ಮುಂದೆ ವೇಗಕ್ಕೆ ಕಡಿವಾಣ ಬೇಕು.

4. ರಸ್ತೆಗಿಂತ ಮುಂಚೆ ಬಸ್ಸು! ಕಾಲೇಜಿನ ಹೊತ್ತಿಗೆ, ಕಾರ್ಖಾನೆಯ ಪಾಳಿಯ ಹೊತ್ತಿಗೆ ಸರ್ಕಾರಿ ಬಸ್ಸು ಹೆಚ್ಚಿಸಿ. ಹೆಣ್ಣುಮಕ್ಕಳಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಖಾಸಗಿ ಬಸ್ಸಿನಲ್ಲಿ ಅದು ನಡೆಯುವುದಿಲ್ಲ. ಸರ್ಕಾರಿ ಬಸ್ಸೇ ಬಾರದ ಊರಿನ ಹೆಣ್ಣುಮಗಳಿಗೆ ಆ ಯೋಜನೆ ಇದ್ದೂ ಇಲ್ಲದಂತೆ!

5. ಉಳಿಸಬಹುದಾದ ಮರ ಉಳಿಸಿ. ಕಡಿಯಲೇಬೇಕಾದರೆ ಊರವರ ಮುಂದೆ ಲೆಕ್ಕ ಕೊಡಿ. ನೆಟ್ಟ ಸಸಿಗೆ ನೀರು ಹಾಕುವವರು ಯಾರು ಎಂದು ಬರೆದು ಕೊಡಿ.

ಇನ್ನು ಕೈಕಟ್ಟಿ ಕೂರುವ ಕಾಲ ಅಲ್ಲ. ಈಗಲೇ ಮಾಡಬೇಕಾದ ಕೆಲಸ ಕೇಳಿ.

ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಬಿಪಿಎಲ್ ಕುಟುಂಬದವರಿಗೆ ಶುಲ್ಕವೂ ಇಲ್ಲ. ನಕ್ಷೆ ಕೇಳಿ, ರಸ್ತೆಯ ದಾಖಲೆ ಅಗಲ ಕೇಳಿ, ನಿಮ್ಮ ಗೇಟಿಗೆ ಏನು ಮಾಡುತ್ತಾರೆ ಕೇಳಿ. 30 ದಿನದಲ್ಲಿ ಉತ್ತರ ಕೊಡಲೇಬೇಕು.

ಅಧಿಸೂಚನೆ ಬಂದರೆ ದಿನ ಎಣಿಸಿ. ರಾಷ್ಟ್ರೀಯ ಹೆದ್ದಾರಿಗೆ ಸ್ವಾಧೀನವಾದರೆ ತಕರಾರು ಸಲ್ಲಿಸಲು 21 ದಿನ. 2013ರ ಕಾಯ್ದೆಯಡಿ ಆದರೆ 60 ದಿನ. ಆ ದಿನ ಮೀರಿದರೆ ಕೂಗಿ ಪ್ರಯೋಜನವಿಲ್ಲ. ಬಾಯಿಮಾತಿನ ಭರವಸೆ ನಂಬಬೇಡಿ. ಬರೆದು ಕೊಡಿ, ಸ್ವೀಕೃತಿ ಮೇಲೆ ಸೀಲು ಹಾಕಿಸಿಕೊಳ್ಳಿ!

ಗ್ರಾಮಸಭೆಗೆ ಹೋಗಿ. ಗಂಡಸರಷ್ಟೇ ಅಲ್ಲ, ಅಕ್ಕಂದಿರೇ, ನೀವು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ನಿಮ್ಮ ಗೇಟಿನ ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ, ಆಮೇಲೆ ಸಹಿ ಹಾಕಿ.

ಒಬ್ಬೊಬ್ಬರೇ ಹೋದರೆ ನಾಳೆ ಬಾ ಅನ್ನುತ್ತಾರೆ. ಊರೇ ಹೋದರೆ ಕುರ್ಚಿ ಹಾಕುತ್ತಾರೆ! ಕಟ್ಟಡದ ಮಾಲೀಕರೇ, ಬಾಡಿಗೆಯವರನ್ನು ಬಿಟ್ಟು ಒಳಗೊಳಗೇ ಒಪ್ಪಂದ ಮಾಡಿಕೊಳ್ಳಬೇಡಿ. ಬಾಡಿಗೆಯವರೇ, ತಳ್ಳುಗಾಡಿಯವರನ್ನು ಬಿಟ್ಟುಕೊಡಬೇಡಿ. ಡ್ರೈವರಣ್ಣಂದಿರೇ, ಕಂಡಕ್ಟರ್‌ಗಳೇ, ಎಲ್ಲಿ ಅಪಾಯ ಇದೆ ಎಂದು ನಿಮ್ಮಷ್ಟು ಬಲ್ಲವರು ಯಾರೂ ಇಲ್ಲ. ಬಂದು ಹೇಳಿ! ವಿದ್ಯಾರ್ಥಿಗಳೇ, ಮೊಬೈಲಿನಲ್ಲಿ ನಿಮ್ಮ ಗೇಟಿನ ಫೋಟೊ ತೆಗೆಯಿರಿ, ಅರ್ಜಿಗೆ ಅಂಟಿಸಿ!

ನಿಮ್ಮ ನಿಮ್ಮ ತಾಲ್ಲೂಕು ಕಚೇರಿಗೆ ಸಂತೆಯ ದಿನವೇ ಹೊರಡಿ. ಹೇಗೂ ಊರೂರಿನ ಜನ ಪೇಟೆಗೆ ಬಂದಿರುತ್ತಾರೆ. ಅರ್ಜಿ ಕೈಯಲ್ಲಿರಲಿ, ಮಾತಿನಲ್ಲಿ ಶಾಂತಿ ಇರಲಿ, ಕಾಲು ಮಾತ್ರ ಹಿಂದಕ್ಕೆ ಬೇಡ. ಉತ್ತರ ಬರೆದು ಕೊಡುವವರೆಗೆ ಅಲ್ಲಿಂದ ಕದಲುವುದು ಬೇಡ!

ನೋಟಿಸ್ ಇಲ್ಲದೆ ಜೆಸಿಬಿ ಇಲ್ಲ!
ಪರಿಹಾರ ಇಲ್ಲದೆ ತೆರವು ಇಲ್ಲ!
ನಡೆಯುವವರಿಗೆ ಜಾಗವಿಲ್ಲದ ರಸ್ತೆ ನಮಗೆ ಬೇಡ!

ಬನ್ನಿ, ನೆರೆಮನೆಯವರನ್ನೂ ಕರೆತನ್ನಿ!

— ನಾಲ್ಕೂ ತಾಲ್ಲೂಕುಗಳ ಬಸ್ ಪ್ರಯಾಣಿಕರು, ಅಂಗಡಿಯವರು, ಬೀದಿ ವ್ಯಾಪಾರಿಗಳು ಮತ್ತು ವಿದ್ಯಾರ್ಥಿಗಳು