ಅಪ್ಪ ಮತ್ತು 34 ಬಂದರುಗಳು

ಬಳ್ಳಾರಿಯಿಂದ ಸಮುದ್ರ ನೋಡಬೇಕು ಅಂದ್ರೆ ಯಾವ ದಿಕ್ಕಿಗೆ ಹೊರಟರೂ ಒಂದು ರಾತ್ರಿ ಪ್ರಯಾಣ. ನಮಗೆ ನೀರು ಅಂದ್ರೆ ತುಂಗಭದ್ರಾ ಕಾಲುವೆ, ಅದೂ ಬಿಟ್ಟಾಗ. ನಾನು ಮೊದಲ ಸಲ ಸಮುದ್ರ ನೋಡಿದ್ದು ಎಂಜಿನಿಯರಿಂಗ್ ಎರಡನೇ ವರ್ಷದ ಟ್ರಿಪ್ಪಿನಲ್ಲಿ. ಅಷ್ಟು ಹೊತ್ತಿಗೆ ನಮ್ಮ ಜಿಲ್ಲೆಯ ಮಣ್ಣು ಸಮುದ್ರ ದಾಟಿ ಚೀನಾ ಸೇರಿ ವರ್ಷಗಳೇ ಆಗಿದ್ದವು.

ಆ ಮಣ್ಣು ಸಾಗಿಸಿದ ಸಾವಿರಾರು ಲಾರಿಗಳಲ್ಲಿ ಒಂದನ್ನು ಓಡಿಸಿದ್ದು ನಮ್ಮಪ್ಪ. ಸಂಡೂರಿನ ಕಡೆ ಲೋಡ್ ಮಾಡಿಕೊಂಡು ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು ಅಂಕೋಲಾದ ಹತ್ತಿರ ಬೇಲೇಕೇರಿ ಬಂದರಿಗೆ. ಅಲ್ಲಿ ಸಾಲಿನಲ್ಲಿ ನಿಲ್ಲೋದು, ಯಾರ್ಡಿನಲ್ಲಿ ಸುರಿಯೋದು, ಚೀಟಿ ಇಸ್ಕೊಳ್ಳೋದು, ತಿರುಗಿ ಬರೋದು. ಬೇಲೇಕೇರಿಯಲ್ಲಿ ದೊಡ್ಡ ಹಡಗು ದಡಕ್ಕೆ ಬರುತ್ತಿರಲಿಲ್ಲ. ಅದಿರನ್ನು ಬಾರ್ಜುಗಳಲ್ಲಿ ತುಂಬಿ, ದೂರದಲ್ಲಿ ಲಂಗರು ಹಾಕಿದ ಹಡಗಿಗೆ ಒಯ್ಯುತ್ತಿದ್ದರು. ಹಾಗಾಗಿ ಆರು ವರ್ಷ ಬಂದರಿಗೆ ಹೋಗಿ ಬಂದ ಅಪ್ಪ ಒಂದು ಹಡಗನ್ನೂ ಹತ್ತಿರದಿಂದ ನೋಡಿರಲಿಲ್ಲ. 2010ರಲ್ಲಿ ಅದೇ ಬಂದರಿನಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರು ಮಾಯವಾಗಿದ್ದು, ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ರಾಜೀನಾಮೆ ಕೊಟ್ಟು ಆಮೇಲೆ ವಾಪಸ್ ತಗೊಂಡಿದ್ದು ನಿಮಗೆಲ್ಲ ನೆನಪಿರಬೇಕು. ಆ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ನಮ್ಮ ಲಾರಿ ಕಂತು ತೀರುವ ಮೊದಲೇ ಮಾರಾಟವಾಯಿತು. ಅಪ್ಪ ಸಿರುಗುಪ್ಪದ ಮೂರೆಕರೆ ಭತ್ತದ ಗದ್ದೆಗೆ ವಾಪಸ್ ಬಂದ.

ಇಷ್ಟು ಹೇಳಿದ್ದು ಯಾಕಂದ್ರೆ, ಕೆಲಸದ ಮೇಲೆ ನಾನು ಓಸ್ಲೋದಲ್ಲಿದ್ದಾಗ ಅಪ್ಪ ಅವ್ವನನ್ನು ಕರೆಸಿಕೊಂಡು ಎಲ್ಲಿಗೆ ಕರೆದುಕೊಂಡು ಹೋಗಲಿ ಅಂತ ಯೋಚಿಸುವಾಗ ಸ್ನೇಹಿತರೆಲ್ಲ ಪ್ಯಾರಿಸ್, ಸ್ವಿಟ್ಜರ್ಲೆಂಡ್ ಅಂದರು. ನಾನು ಹಡಗು ಬುಕ್ ಮಾಡಿದೆ. ನಾರ್ವೆಯ ಬರ್ಗೆನ್‌ನಿಂದ ಹೊರಟು ಪಶ್ಚಿಮ ಕರಾವಳಿಯುದ್ದಕ್ಕೂ ಉತ್ತರಕ್ಕೆ ಹೋಗಿ, ರಷ್ಯಾ ಗಡಿಯ ಹತ್ತಿರದ ಕಿರ್ಕೆನೆಸ್ ಮುಟ್ಟಿ, ಮತ್ತೆ ಬರ್ಗೆನ್‌ಗೆ ಬರುವ 12 ದಿನದ ಪ್ರಯಾಣ. ದಾರಿಯಲ್ಲಿ 34 ಬಂದರು. ಹೋಗುವಾಗ ಹಗಲು ಸಿಕ್ಕ ಊರು ಬರುವಾಗ ರಾತ್ರಿ ಸಿಗುತ್ತದೆ, ರಾತ್ರಿ ಸಿಕ್ಕಿದ್ದು ಹಗಲು ಸಿಗುತ್ತದೆ. ವೇಳಾಪಟ್ಟಿ ಹಾಕಿದವನ ತಲೆ ಚೆನ್ನಾಗಿ ಓಡಿದೆ.

ಇದಕ್ಕೆ ಹುರ್ಟಿಗ್ರೂಟನ್ ಅಂತ ಹೆಸರು, ಅಂದ್ರೆ ವೇಗದ ಹಾದಿ. 1893ರ ಜುಲೈ 2ರಂದು ರಿಚರ್ಡ್ ವಿತ್ ಎಂಬ ಕ್ಯಾಪ್ಟನ್ 'ವೆಸ್ಟರೋಲೆನ್' ಅನ್ನೋ ಉಗಿಹಡಗನ್ನು ಟ್ರೋಂಡ್‌ಹೈಮ್‌ನಿಂದ ಹ್ಯಾಮರ್‌ಫೆಸ್ಟ್‌ಗೆ ಓಡಿಸಿ ಶುರು ಮಾಡಿದ. ಅದಕ್ಕೂ ಮೊದಲು ಈ ಎರಡು ಊರುಗಳ ನಡುವೆ ಒಂದು ಕಾಗದ ತಲುಪಲು ಬೇಸಿಗೆಯಲ್ಲಿ ಮೂರು ವಾರ, ಚಳಿಗಾಲದಲ್ಲಿ ಐದು ತಿಂಗಳವರೆಗೂ ಹಿಡಿಯುತ್ತಿತ್ತಂತೆ. ಕತ್ತಲೆಯಲ್ಲಿ, ಬಂಡೆಗಳ ನಡುವೆ, ಸರಿಯಾದ ನಕ್ಷೆಯಿಲ್ಲದೆ ಹಡಗು ನಡೆಸೋದು ಹುಚ್ಚುತನ ಅಂತ ಬೇರೆ ಕಂಪನಿಗಳು ಹಿಂದೆ ಸರಿದಿದ್ದವು. ವಿತ್ ದಿಕ್ಸೂಚಿ, ಗಡಿಯಾರ ಮತ್ತು ತಾನೇ ಬರೆದಿಟ್ಟುಕೊಂಡ ಟಿಪ್ಪಣಿ ನಂಬಿ ಹೊರಟ. ಇವತ್ತು ಎರಡು ಕಂಪನಿಗಳು ಈ ಸೇವೆ ನಡೆಸುತ್ತವೆ, ಸರ್ಕಾರ ಅದಕ್ಕೆ ಹಣ ಕೊಡುತ್ತದೆ.

ಹಾಗಾಗಿ ಇದನ್ನು ಕ್ರೂಸ್ ಅಂತ ಕರೆಯೋದು ಅರ್ಧ ಸರಿ, ಅರ್ಧ ತಪ್ಪು. ಮೇಲಿನ ಡೆಕ್ಕಿನಲ್ಲಿ ಜರ್ಮನ್ ಅಜ್ಜ ಅಜ್ಜಿಯರು ಕಂಬಳಿ ಹೊದ್ದು ಗುಡ್ಡ ನೋಡುತ್ತಾ ಕೂತಿರುತ್ತಾರೆ. ಕೆಳಗೆ ಹಡಗಿನ ಬದಿಯ ಬಾಗಿಲು ತೆರೆದು ಫೋರ್ಕ್‌ಲಿಫ್ಟ್ ಒಳಗೆ ಬರುತ್ತದೆ. ಮೀನಿನ ಪೆಟ್ಟಿಗೆ, ಪೀಠೋಪಕರಣ, ಯಾರದ್ದೋ ಕಾರು. ಮುಂದಿನ ಊರಿನ ಆಸ್ಪತ್ರೆಗೋ ನೆಂಟರ ಮನೆಗೋ ಹೋಗುವವರು ಒಂದು ಬ್ಯಾಗ್ ಹಿಡಿದು ಹತ್ತಿ ಮೂರು ಗಂಟೆಗೆ ಇಳಿದುಬಿಡುತ್ತಾರೆ. ಕೆಲವು ಊರುಗಳಲ್ಲಿ ಹಡಗು ನಿಲ್ಲೋದು ಕಾಲು ಗಂಟೆ ಅಷ್ಟೇ. ಎರಡನೇ ದಿನ ಅಪ್ಪ ತೀರ್ಪು ಕೊಟ್ಟ: "ಇದು ಹಡಗಲ್ಲಪಾ, ನಮ್ ಕೆಂಪು ಬಸ್ಸು. ಪಾರ್ಸಲ್ಲೂ ತಗಂತಾರ."

ಅವತ್ತಿನಿಂದ ಅಪ್ಪ ಪ್ರತಿ ಬಂದರಿನಲ್ಲೂ ಎದ್ದು ಹೋಗಿ ರೇಲಿಂಗ್ ಹಿಡಿದು ನಿಂತ. ನಡುರಾತ್ರಿ ಎರಡಾದರೂ ಸರಿ. ಜೂನ್ ತಿಂಗಳು, ಆರ್ಕ್ಟಿಕ್ ವೃತ್ತ ದಾಟಿದ ಮೇಲೆ ಸೂರ್ಯ ಮುಳುಗುವುದೇ ಇಲ್ಲ, ಹಾಗಾಗಿ ನಡುರಾತ್ರಿಗೂ ನಡುಹಗಲಿಗೂ ವ್ಯತ್ಯಾಸ ಗಡಿಯಾರದಲ್ಲಿ ಮಾತ್ರ. ಅಪ್ಪನ ಪ್ರಶ್ನೆ ಎರಡೇ. ಈ ಊರಾಗ ಏನು ಲೋಡ್ ಆಗ್ತೈತಿ, ಏನು ಇಳಿತೈತಿ? ಗುಡ್ಡ, ಜಲಪಾತ, ಮೋಡ ಎಲ್ಲ ನಮಗೆ. ಅವನಿಗೆ ಸಾಮಾನು.

ಅವ್ವನ ತೊಂದರೆ ಬೇರೆ. ಕುರುಗೋಡಿನ ಹೆಣ್ಣುಮಗಳು, ಸಂಜೆ ದೊಡ್ಡಬಸವೇಶ್ವರನ ನೆನೆದು ದೀಪ ಹಚ್ಚದೆ ಊಟ ಮಾಡಿದವಳಲ್ಲ. ಇಲ್ಲಿ ಸಂಜೆಯೇ ಇಲ್ಲ. ಹಡಗಿನಲ್ಲಿ ಬೆಂಕಿ ಹಚ್ಚುವಂತೆಯೂ ಇಲ್ಲ. ಕೊನೆಗೆ "ಊರಾಗ ಈಗ ಎಷ್ಟು ಗಂಟಿ?" ಅಂತ ಕೇಳಿ, ಸಿರುಗುಪ್ಪದಲ್ಲಿ ಆರೂವರೆ ಆದಾಗ, ಅಂದ್ರೆ ಇಲ್ಲಿನ ಮಧ್ಯಾಹ್ನ ಮೂರಕ್ಕೆ, ಕ್ಯಾಬಿನ್ನಿನಲ್ಲಿ ಕೈ ಮುಗಿಯುತ್ತಿದ್ದಳು. ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ತಂದಿದ್ದಳು. ಸಸ್ಯಾಹಾರಿ ಅಂತ ಮೊದಲೇ ಹೇಳಿದ್ದರಿಂದ ಹಡಗಿನವರು ಸೂಪು, ಆಲೂಗಡ್ಡೆ, ಬ್ರೆಡ್ಡು ಧಾರಾಳ ಕೊಟ್ಟರು. ಇಲ್ಲಿನ ಕಂದು ಬಣ್ಣದ ಸಿಹಿ ಚೀಸ್ ಮಾತ್ರ ಅವ್ವನಿಗೆ ಹಿಡಿಸಿತು. "ಗಿಣ್ಣಿಗೆ ಬೆಲ್ಲ ಹಾಕಿ ಕಾಸಿದಂಗೈತಿ" ಅಂದಳು. ಹಾಲಿನ ನೀರನ್ನು ಗಂಟೆಗಟ್ಟಲೆ ಕಾಸಿ ಕಂದು ಬಣ್ಣ ಬರಿಸುತ್ತಾರೆ, ಹಾಗಾಗಿ ಅವಳ ಅಂದಾಜು ತೀರಾ ತಪ್ಪಲ್ಲ.

ಲೋಫೋಟೆನ್ ದ್ವೀಪಗಳ ಸ್ವೋಲ್ವಾರ್‌ನಲ್ಲಿ ಇಳಿದೆವು. ಊರಿನ ಸುತ್ತ ಮರದ ದೊಡ್ಡ ದೊಡ್ಡ ಅಟ್ಟಣಿಗೆಗಳು. ಚಳಿಗಾಲದ ಕೊನೆಗೆ ಮೊಟ್ಟೆಯಿಡಲು ಬರುವ ಕಾಡ್ ಮೀನನ್ನು ಹಿಡಿದು, ಎರಡೆರಡು ಬಾಲ ಸೇರಿಸಿ ಕಟ್ಟಿ, ಉಪ್ಪು ಹಾಕದೆ ತೂಗುಹಾಕುತ್ತಾರೆ. ಚಳಿ ಮತ್ತು ಗಾಳಿಯೇ ಅದನ್ನು ಕಟ್ಟಿಗೆಯಂತೆ ಒಣಗಿಸುತ್ತವೆ. ನಾವು ಹೋದಾಗ ಬಹುತೇಕ ಮೀನು ಇಳಿಸಿಯಾಗಿತ್ತು, ವಾಸನೆ ಮಾತ್ರ ಬಾಕಿ ಇತ್ತು. ಅವ್ವ ಸೆರಗು ಮೂಗಿಗೆ ಹಿಡಿದು ಹಡಗಿಗೆ ವಾಪಸ್ ನಡೆದಳು. ಈ ಮೀನು ಇಟಲಿಗೆ ಹೋಗುತ್ತದೆ, ತಲೆಗಳು ನೈಜೀರಿಯಾಕ್ಕೆ ಹೋಗುತ್ತವೆ. ಇಟಲಿಯ ನಂಟು ಹಳೆಯದು. 1432ರಲ್ಲಿ ಕ್ವೆರಿನಿ ಎಂಬ ವೆನಿಸ್‌ನ ವ್ಯಾಪಾರಿ ಹಡಗು ಒಡೆದು ಈ ದ್ವೀಪಗಳ ತುದಿಗೆ ಬಂದು ಬಿದ್ದ, ಬೆಸ್ತರು ಅವನನ್ನು ಉಳಿಸಿದರು, ಅವನು ಒಣಮೀನಿನ ಸುದ್ದಿ ಊರಿಗೆ ಒಯ್ದ. ತಲೆಯನ್ನೂ ಬಿಸಾಡದೆ ಮಾರುತ್ತಾರೆ ಅನ್ನೋದು ಅಪ್ಪನಿಗೆ ಬಹಳ ಮೆಚ್ಚುಗೆಯಾಯಿತು.

ಇನ್ನೂ ಮೇಲೆ, ಫಿನ್‌ಮಾರ್ಕ್ ಪ್ರಾಂತ್ಯದಲ್ಲಿ ಊರುಗಳ ಚಹರೆಯೇ ಬದಲಾಗುತ್ತದೆ. ಮರ ಇಲ್ಲ, ಹಳೆ ಮನೆ ಇಲ್ಲ. ಎಲ್ಲ ಒಂದೇ ಕಾಲದಲ್ಲಿ ಕಟ್ಟಿದ ಸರಳ ಡಬ್ಬಿಯಂಥ ಮನೆಗಳು. ಕಾರಣ ಗೊತ್ತಾದಾಗ ಮಾತು ನಿಂತಿತು. 1944ರ ಶರತ್ಕಾಲದಲ್ಲಿ ಹಿಂದೆ ಸರಿಯುತ್ತಿದ್ದ ಜರ್ಮನ್ ಸೈನ್ಯ ಇಲ್ಲಿನ ಜನರನ್ನು ಓಡಿಸಿ, ಊರುಗಳನ್ನು ಒಂದೊಂದಾಗಿ ಸುಟ್ಟಿತು. ಹ್ಯಾಮರ್‌ಫೆಸ್ಟ್‌ನಲ್ಲಿ ಉಳಿದದ್ದು ಸ್ಮಶಾನದ ಪ್ರಾರ್ಥನಾ ಮಂದಿರ ಮಾತ್ರ. ಹೊನ್ನಿಂಗ್ಸ್‌ವಾಗ್‌ನಲ್ಲಿ ಚರ್ಚು ಮಾತ್ರ. ಯುದ್ಧ ಮುಗಿದು ಮರಳಿ ಬಂದವರು ಮೊದಲು ಆ ಚರ್ಚಿನಲ್ಲೇ ಸಂಸಾರ ಹೂಡಿದರಂತೆ. ಆ ಬಿಳಿ ಚರ್ಚಿನ ಮೆಟ್ಟಿಲ ಮೇಲೆ ಅವ್ವ ಚಪ್ಪಲಿ ಬಿಟ್ಟು ಒಳಗೆ ಹೋದಳು. ಅಲ್ಲಿ ಚಪ್ಪಲಿ ಬಿಡುವ ಪದ್ಧತಿ ಇಲ್ಲ ಅಂತ ಹೇಳಲು ನನಗೆ ಮನಸ್ಸಾಗಲಿಲ್ಲ.

ಏಳನೇ ದಿನ ಬೆಳಿಗ್ಗೆ ಕಿರ್ಕೆನೆಸ್. ಹಡಗು ಮೂರೂವರೆ ಗಂಟೆ ನಿಲ್ಲುತ್ತದೆ. ಹೆಚ್ಚಿನವರು ರಷ್ಯಾ ಗಡಿ ನೋಡಲೋ, ರಾಕ್ಷಸ ಗಾತ್ರದ ಕಿಂಗ್ ಕ್ರಾಬ್ ಏಡಿ ತಿನ್ನಲೋ ಬಸ್ ಹತ್ತಿದರು. ನಾನು ಈ ಪ್ರಯಾಣ ಆರಿಸಿದ್ದೇ ಕಿರ್ಕೆನೆಸ್‌ಗಾಗಿ ಅನ್ನೋದನ್ನ ಅಪ್ಪನಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ. ಇದು ಕಬ್ಬಿಣದ ಅದಿರಿನ ಊರು.

1906ರಲ್ಲಿ ಸಿಡ್ವರಾಂಗರ್ ಕಂಪನಿ ಇಲ್ಲಿ ಗಣಿ ಶುರು ಮಾಡಿತು. ಅದಕ್ಕೂ ಮೊದಲು ಇಲ್ಲಿ ಊರು ಅನ್ನುವಂಥದ್ದು ಇರಲಿಲ್ಲ, ಒಂದು ಚರ್ಚು, ಒಂದಿಷ್ಟು ಮನೆ. ಗಣಿ ಇರೋದು ಒಳಗೆ ಬ್ಯೋರ್ನೆವಾಟ್ನ್‌ನಲ್ಲಿ. ಅಲ್ಲಿಂದ ಬಂದರಿಗೆ ಎಂಟು ಕಿಲೋಮೀಟರ್ ಚಿಲ್ಲರೆ ರೈಲು ಹಳಿ. ಅದಿರು ರೈಲಿನಲ್ಲಿ ಬಂದು, ಸಮುದ್ರದ ಪಕ್ಕದ ಕಾರ್ಖಾನೆಯಲ್ಲಿ ಪುಡಿಯಾಗಿ, ಅಯಸ್ಕಾಂತದಿಂದ ಕಬ್ಬಿಣದ ಅಂಶ ಬೇರೆಯಾಗಿ, ದಡದಲ್ಲೇ ನಿಂತ ಹಡಗಿಗೆ ಬೀಳುತ್ತಿತ್ತು. ನಾವು ಹೋದಾಗ ಎಲ್ಲ ಸ್ತಬ್ಧ. ಗುಡ್ಡದ ಮೈಗೆ ಅಂಟಿಕೊಂಡ ಆ ದೊಡ್ಡ ಕಾರ್ಖಾನೆಯನ್ನು ಅಪ್ಪ ಬಹಳ ಹೊತ್ತು ನೋಡಿದ. ಆಮೇಲೆ ಬಳ್ಳಾರಿಯ ಯಾವ ಲಾರಿ ಡ್ರೈವರ್ ಆದರೂ ಕೇಳುವ ಪ್ರಶ್ನೆ ಕೇಳಿದ.

"ಇವರದು ಎಷ್ಟು ಪರ್ಸೆಂಟು?"

"ಮೂವತ್ತರ ಆಸುಪಾಸು ಅಪ್ಪಾ."

ಅಪ್ಪ ನನ್ನ ಕಡೆ ತಿರುಗಿದ. "ಮೂವತ್ತ? ಅಂಥದ್ದನ್ನ ನಾವು ಡಂಪಿಗೆ ಹಾಕ್ತಿದ್ವಲ್ಲೋ. ನಾನು ಹೊತ್ತಿದ್ದು ಅರವತ್ತರ ಮ್ಯಾಲಿಂದು."

ಆ ಮೂವತ್ತು ಪರ್ಸೆಂಟಿಗಾಗಿ ರೈಲು, ಕಾರ್ಖಾನೆ, ಊರು ಎಲ್ಲ ಕಟ್ಟಿದರು. ಅದೇ ಅದಿರು, ಅದೇ ಬಂದರು ಎರಡನೇ ಮಹಾಯುದ್ಧದಲ್ಲಿ ಊರಿಗೆ ಮೃತ್ಯುವೂ ಆದವು. ಜರ್ಮನ್ನರು ಇಲ್ಲಿ ನೆಲೆಯೂರಿದ್ದರಿಂದ ಸೋವಿಯತ್ ವಿಮಾನಗಳು 300ಕ್ಕೂ ಹೆಚ್ಚು ಸಲ ಬಾಂಬು ಹಾಕಿದವು. ಕೊನೆಯ ವಾರಗಳಲ್ಲಿ ಸುಮಾರು 3,000 ಜನ ಬ್ಯೋರ್ನೆವಾಟ್ನ್ ಗಣಿಯ ಸುರಂಗದೊಳಗೆ ದನಕರು ಸಮೇತ ಸೇರಿಕೊಂಡರು. ಆ ಸುರಂಗದಲ್ಲಿ ಹತ್ತು ಮಕ್ಕಳು ಹುಟ್ಟಿದವು. 1944ರ ಅಕ್ಟೋಬರ್‌ನಲ್ಲಿ ಸೋವಿಯತ್ ಸೈನ್ಯ ಬಂದಾಗ ಅವರು ಹೊರಗೆ ಬಂದರು. ಅವ್ವನಿಗೆ ಇದನ್ನು ಹೇಳಿದಾಗ ಅವಳು ಕೇಳಿದ್ದು, "ಬಾಣಂತೇರಿಗೆ ಬಿಸಿನೀರು ಯಾರು ಕಾಸಿ ಕೊಟ್ರೋ?"

ಯುದ್ಧದ ನಂತರ ಗಣಿ ಮತ್ತೆ ಎದ್ದಿತು. 1990ರ ದಶಕದಲ್ಲಿ ಮುಚ್ಚಿತು, 2009ರಲ್ಲಿ ತೆರೆಯಿತು, 2015ರಲ್ಲಿ ಕಂಪನಿ ದಿವಾಳಿಯಾಗಿ ಮತ್ತೆ ಮುಚ್ಚಿತು. ನಡುವೆ ಊರು ಹಡಗು ರಿಪೇರಿ, ರಷ್ಯಾ ಜೊತೆ ವ್ಯಾಪಾರ, ಪ್ರವಾಸೋದ್ಯಮ ಅಂತ ಕೈಗೆ ಸಿಕ್ಕಿದ್ದು ಹಿಡಿಯಿತು. ಬೀದಿ ಹೆಸರಿನ ಫಲಕಗಳಲ್ಲಿ ನಾರ್ವೇಜಿಯನ್ ಕೆಳಗೆ ರಷ್ಯನ್ ಲಿಪಿ ಇದೆ. 2022ರ ಯುಕ್ರೇನ್ ಯುದ್ಧದ ನಂತರ ಆ ವ್ಯಾಪಾರವೂ ಕುಗ್ಗಿದೆ. ಅಂಗಡಿ ಸಾಲಿನಲ್ಲಿ ಖಾಲಿ ಮಳಿಗೆಗಳು ಕಂಡವು. ಆದರೂ ಗ್ರಂಥಾಲಯ ತೆರೆದಿತ್ತು, ಆಟದ ಮೈದಾನದಲ್ಲಿ ಮಕ್ಕಳಿದ್ದರು. ಸುಮಾರು ಮೂರೂವರೆ ಸಾವಿರ ಜನರ ಊರು. ಸಂಡೂರು ಇದಕ್ಕಿಂತ ಎಷ್ಟೋ ದೊಡ್ಡದು.

ನನಗೆ ಇಲ್ಲಿ ಹೊಟ್ಟೆಕಿಚ್ಚಾಯಿತು ಅನ್ನೋದನ್ನ ಮುಚ್ಚಿಡಲ್ಲ. ಗಣಿ ನಿಂತರೂ ಜನರಿಗೆ ರಸ್ತೆ, ಶಾಲೆ, ಆಸ್ಪತ್ರೆ ನಿಲ್ಲಲಿಲ್ಲ. ಇಲ್ಲಿಗೆ ದಿನಾ ಬರುವ ಹಡಗಿಗೆ ಸರ್ಕಾರ ದುಡ್ಡು ಕೊಡೋದೂ ಅದೇ ಲೆಕ್ಕದಲ್ಲೇ. ನಮ್ಮಲ್ಲಿ ಗಣಿಗಳು 2013ರ ನಂತರ ಮಿತಿಯೊಳಗೆ ಮತ್ತೆ ಶುರುವಾದವು, ಅದಿರು ಹೆಚ್ಚಾಗಿ ಇಲ್ಲಿನ ಉಕ್ಕಿನ ಕಾರ್ಖಾನೆಗಳಿಗೇ ಹೋಗುತ್ತದೆ. ಹಾನಿಯಾದ ಹಳ್ಳಿಗಳಿಗಾಗಿ ಎತ್ತಿಟ್ಟ ಹಣವೇ ಸಾವಿರಾರು ಕೋಟಿ ಇದೆ. ಆದರೆ ಲಾರಿ ಮಾರಿದವರು ಏನಾದರು ಅಂತ ಯಾರೂ ಕೇಳಲಿಲ್ಲ. ಅಪ್ಪ ಇದನ್ನೆಲ್ಲ ಒಪ್ಪಲಿಲ್ಲ. "ಅವರಿಗೆ ಎಣ್ಣಿ ಸಿಕ್ಕೈತಿ, ಗ್ಯಾಸ್ ಸಿಕ್ಕೈತಿ. ರೊಕ್ಕ ಇದ್ದೋರ ಮನಿ ಜೊತಿ ನಮ್ಮನಿ ಹೋಲಿಸಬ್ಯಾಡ" ಅಂದ. ಅದೂ ನಿಜ. ಮರುದಿನ ಹ್ಯಾಮರ್‌ಫೆಸ್ಟ್‌ನಲ್ಲಿ, ಊರ ಎದುರಿನ ದ್ವೀಪದ ಮೇಲೆ ಇಡೀ ಗ್ಯಾಸ್ ಕಾರ್ಖಾನೆಯನ್ನೇ ಕಂಡಾಗ ಅಪ್ಪ ನನ್ನ ಭುಜ ತಟ್ಟಿ ಬೆರಳು ತೋರಿಸಿದ, ಮಾತಾಡಲಿಲ್ಲ.

ಹ್ಯಾಮರ್‌ಫೆಸ್ಟ್‌ನಲ್ಲೇ ನನಗೊಬ್ಬನಿಗೆ ಖುಷಿ ಕೊಟ್ಟ ಒಂದು ಕಂಬ ಇದೆ. ಭೂಮಿಯ ಆಕಾರ ಅಳೆಯಲು 19ನೇ ಶತಮಾನದಲ್ಲಿ ಸ್ಟ್ರೂವೆ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಕಪ್ಪು ಸಮುದ್ರದಿಂದ ಇಲ್ಲಿಯವರೆಗೆ ತ್ರಿಕೋನ ಮೋಜಣಿ ಮಾಡಿದರು, ಅದರ ಉತ್ತರ ತುದಿ ಈ ಕಂಬ. ಅದೇ ಕಾಲದಲ್ಲಿ ಲ್ಯಾಂಬ್ಟನ್ ಸಾಹೇಬ ಇಂಥದ್ದೇ ಮೋಜಣಿಯನ್ನು ಗುತ್ತಿಯ ಮೇಲೆ ಹಾಯಿಸಿದ್ದ. ಗುತ್ತಿ ಆಗ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಅವ್ವನಿಗೆ ವಿವರಿಸಲು ಹೋದೆ, ಅವಳು ಬೆಂಚಿನ ಮೇಲೆ ಕೂತು ನಿದ್ದೆ ಹೋದಳು.

ಹೋಗುವವರಿಗೆ ಎರಡು ಮಾತು. ಈಜುಕೊಳ, ಕುಣಿತ, ಹಾಡು ಬೇಕಿದ್ದರೆ ಈ ಹಡಗು ಬೇಡ. ಜೂನ್‌ನಲ್ಲೂ ಉಣ್ಣೆ ಟೋಪಿ, ಗಾಳಿ ತಡೆಯುವ ಜಾಕೆಟ್ ಬೇಕು. ಉತ್ತರದ ತುದಿಯಲ್ಲಿ ಹಡಗು ತೆರೆದ ಸಮುದ್ರಕ್ಕೆ ಬರುವುದರಿಂದ ವಾಂತಿ ಮಾತ್ರೆ ಜೊತೆಗಿರಲಿ. ಇಡೀ 12 ದಿನದ ದರ ಹೆಚ್ಚು ಅನ್ನಿಸಿದರೆ ಎರಡು ಊರುಗಳ ನಡುವೆ ಸ್ಥಳೀಯರಂತೆ ಟಿಕೆಟ್ ತಗೊಂಡು ಹೋಗಬಹುದು. ನನ್ನನ್ನು ಕೇಳಿದರೆ ಉತ್ತರದ ಅರ್ಧವನ್ನೇ ಆರಿಸಿ, ದಕ್ಷಿಣದಲ್ಲಿ ಸೊಗಸು ಜಾಸ್ತಿ, ಕಥೆ ಕಡಿಮೆ.

ಅಪ್ಪ ಅವ್ವ ಊರಿಗೆ ಹೋಗಿ ನಾಲ್ಕು ತಿಂಗಳಾಯಿತು. ಹಡಗಿನಲ್ಲಿ ಕೊಟ್ಟಿದ್ದ 34 ಬಂದರುಗಳ ನಕ್ಷೆಯನ್ನು ಅಪ್ಪ ದೇವರ ಫೋಟೋ ಪಕ್ಕ ಅಂಟಿಸಿದ್ದಾನಂತೆ, ಗದ್ದೆ ನೋಡಲು ಬಂದವರಿಗೆಲ್ಲ ಯಾವ ಊರಲ್ಲಿ ಏನು ಲೋಡ್ ಆಗುತ್ತದೆ ಅಂತ ಹೇಳುತ್ತಾನಂತೆ. ಕಳೆದ ಭಾನುವಾರ ಫೋನಿನಲ್ಲಿ, ನೀನು ರಜೆಗೆ ಬಂದಾಗ ಬೇಲೇಕೇರಿಗೆ ಹೋಗೋಣ, ಈ ಸಲ ನೀರಿನ ತನಕ ನಡೆದು ಹೋಗಬೇಕು ಅಂದ. ಬೆಳಗಿನ ಜಾವ ನಾಲ್ಕಕ್ಕೆ ಬಿಡೋದು, ಯಲ್ಲಾಪುರದಲ್ಲಿ ಚಹಾ. ಅವ್ವ ಗೋಕರ್ಣವನ್ನೂ ಸೇರಿಸಿದ್ದಾಳೆ. ಕಾರು ನಾನು ಓಡಿಸಬಹುದಂತೆ, ಅರಬೈಲ್ ಘಾಟ್ ಒಂದನ್ನು ಬಿಟ್ಟು.