ಹಿತ್ತಿಲ ಮರ ಬಾಗಿಲಾಗಲು ಎಷ್ಟು ಬಾಗಿಲು ಬಡಿಯಬೇಕು?

ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆಗೆ ಉತ್ತರ ಕನ್ನಡದ ಕರಾವಳಿಯಲ್ಲಿ ಇನ್ನೊಂದು ಸಾಲನ್ನು ಸೇರಿಸಬಹುದು: ಹಿತ್ತಿಲ ಮರ ಮನೆಗೂ ಇಲ್ಲ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ತೋಟದ ಮನೆಗಳ ಸುತ್ತ ಸಾಗವಾನಿ, ಹೊನ್ನೆ, ಮತ್ತಿ, ಹಲಸು, ಹೆಬ್ಬಲಸು ಇಂದಿಗೂ ನಿಂತಿವೆ. ಆದರೆ ಅದೇ ಮನೆಯ ಮಾಡು ದುರಸ್ತಿಗೆ ಬಂದಾಗ ಯಜಮಾನ ಹೋಗುವುದು ಪೇಟೆಯ ಅಂಗಡಿಗೆ. ಹೊರದೇಶದಿಂದ ಹಡಗಿನಲ್ಲಿ ಬಂದ ನಾಟಾ, ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಬಾಗಿಲು, ಕಬ್ಬಿಣದ ಪಕ್ಕಾಸು ಮನೆ ಸೇರುತ್ತವೆ. ಅಜ್ಜ ಮೊಮ್ಮಗನ ಮನೆಗೆಂದು ಬೆಳೆಸಿದ ಮರ ಅಂಗಳದ ಅಂಚಿನಲ್ಲಿ ಹಾಗೆಯೇ ಮುದಿಯಾಗುತ್ತದೆ.

ಇದಕ್ಕೆ ಕಾರಣ ಸೋಮಾರಿತನವೂ ಅಲ್ಲ, ಹೊಸ ಫ್ಯಾಷನ್ನಿನ ಮೋಹ ಮಾತ್ರವೂ ಅಲ್ಲ. ಸ್ವಂತ ಜಮೀನಿನ ಮರವನ್ನು ಕಡಿದು, ಕೊಯ್ದು, ಹಲಗೆ ಮಾಡಿ, ಸ್ವಂತ ಮನೆಗೆ ಬಳಸುವ ದಾರಿಯಲ್ಲಿ ಕಾನೂನಿನ ತಡೆಗಂಬಗಳು ಒಂದರ ಹಿಂದೊಂದು ನಿಂತಿವೆ. ಕೇಂದ್ರ ಪರಿಸರ ಸಚಿವಾಲಯ 2025ರ ಜೂನ್‌ನಲ್ಲಿ ಕೃಷಿ ಭೂಮಿಯ ಮರಗಳ ಕಟಾವಿಗೆ ಮಾದರಿ ನಿಯಮಗಳನ್ನು ರಾಜ್ಯಗಳಿಗೆ ಕಳುಹಿಸಿರುವುದರಿಂದ ಈ ಪ್ರಶ್ನೆಗೆ ಹೊಸ ಮಹತ್ವ ಬಂದಿದೆ. ಆ ನಿಯಮಗಳು ಕರಾವಳಿಯ ತೋಟಿಗನ ಅಂಗಳಕ್ಕೆ ಎಷ್ಟು ತಲುಪಬಲ್ಲವು ಎಂಬುದನ್ನು ಪರಿಶೀಲಿಸಬೇಕಾಗಿದೆ.

ಮರ ಯಾರದು?

ಮೊದಲ ತೊಡಕು ನೆಲದ ಸ್ವರೂಪದ್ದು. ಉತ್ತರ ಕನ್ನಡ ಜಿಲ್ಲೆಯ ಭೂಭಾಗದಲ್ಲಿ ಐದರಲ್ಲಿ ನಾಲ್ಕು ಪಾಲು ಅರಣ್ಯವೆಂದೇ ದಾಖಲೆಯಲ್ಲಿದೆ. ಉಳಿದ ಒಂದು ಪಾಲಿನಲ್ಲಿ ಗದ್ದೆ, ತೋಟ, ಊರು, ಪೇಟೆ, ರಸ್ತೆ ಎಲ್ಲವೂ ಅಡಗಬೇಕು. ಹೀಗಾಗಿ ಒಂದೇ ಕುಟುಂಬ ಮೂರು ಬಗೆಯ ನೆಲವನ್ನು ಅವಲಂಬಿಸಿರುವುದು ಇಲ್ಲಿ ಸಾಮಾನ್ಯ.

ಒಂದು, ಮಾಲ್ಕಿ ಜಮೀನು. ಇಲ್ಲಿ ಮರದ ಮೇಲೆ ಭೂಮಾಲೀಕನಿಗೆ ಹಕ್ಕಿದೆ. ಆದರೆ ಭೂಮಾಪನ ಇತ್ಯರ್ಥದ ಕಾಲದಲ್ಲಿ ಸರಕಾರ ತನಗೆಂದು ಕಾಯ್ದಿರಿಸಿಕೊಂಡ ಮರಗಳಿಗೆ ಈ ಹಕ್ಕು ಅನ್ವಯಿಸುವುದಿಲ್ಲ. ಎರಡು, ಅಡಕೆ ತೋಟಕ್ಕೆ ಹೊಂದಿಕೊಂಡ ಬೆಟ್ಟ ಭೂಮಿ. 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಈ ಜಿಲ್ಲೆಯಲ್ಲಿ ತೋಟಿಗರಿಗೆ ಸೊಪ್ಪು, ದರಕು, ಉರುವಲಿಗಾಗಿ ಬೆಟ್ಟದ ಸವಲತ್ತು ದೊರೆಯಿತು. ಸವಲತ್ತು ತೋಟಿಗನದು, ನೆಲವೂ ಮರವೂ ಸರಕಾರದ್ದು. ಮೂರು, ಅತಿಕ್ರಮಣವೆಂದು ಕರೆಸಿಕೊಂಡು ತಲೆಮಾರಿನಿಂದ ಸಾಗುವಳಿಯಲ್ಲಿರುವ ಅರಣ್ಯ ಭೂಮಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕರೂ ಅದು ವಾಸ, ಸಾಗುವಳಿ ಮತ್ತು ಕಿರು ಅರಣ್ಯ ಉತ್ಪನ್ನದ ಹಕ್ಕು. ನಾಟಾ ಅದರಲ್ಲಿ ಸೇರಿಲ್ಲ.

ಮೂರರ ನಡುವಿನ ಗಡಿ ನೆಲದ ಮೇಲೆ ಕಾಣುವುದು ಒಂದು ಅಗಳ ಅಥವಾ ಒಂದು ಸಾಲು ಕಲ್ಲಿನಿಂದ ಮಾತ್ರ. ಮರ ಯಾವ ಕಡೆ ನಿಂತಿದೆ ಎಂಬುದನ್ನು ಕಂದಾಯ, ಭೂಮಾಪನ ಮತ್ತು ಅರಣ್ಯ ಇಲಾಖೆಗಳು ಒಪ್ಪಬೇಕು. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ, ದಾಯಾದಿಗಳು ಬೆಂಗಳೂರು, ಮುಂಬಯಿಗಳಲ್ಲಿ ಚದುರಿದ್ದರೆ, ಅರ್ಜಿ ಸಲ್ಲಿಸುವ ಮೊದಲೇ ವರ್ಷ ಕಳೆಯುತ್ತದೆ.

ಕಟಾವಿನ ಕಾನೂನು

ಮಾಲ್ಕಿಯೇ ಎಂದು ಸಿದ್ಧವಾದ ಮೇಲೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಎದುರಾಗುತ್ತದೆ. ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಕಡಿದರೆ ಬದಲಿಗೆ ಗಿಡ ನೆಡಬೇಕು. ಗಾಳಿ, ತೆಂಗು, ನೀಲಗಿರಿ, ರಬ್ಬರ್, ಸಿಲ್ವರ್ ಓಕ್, ಸುಬಾಬುಲ್ ಮೊದಲಾದ ಕೆಲವು ಜಾತಿಗಳಿಗೆ ಅನುಮತಿಯಿಂದ ವಿನಾಯಿತಿಯಿದೆ. ಈ ಪಟ್ಟಿಯ ಪರಿಣಾಮವನ್ನು ಯಾರೂ ಊಹಿಸಬಹುದು. ಬೇಗ ಬೆಳೆಯುವ, ಸುಲಭವಾಗಿ ಮಾರಬಹುದಾದ ಹೊರಗಿನ ಜಾತಿಗಳನ್ನು ನೆಡುವುದು ಜಾಣತನ; ಸಾಗವಾನಿ, ಬೀಟೆ, ಹೊನ್ನೆ, ಮತ್ತಿಯಂಥ ನೆಲದ ಮರಗಳನ್ನು ನೆಡುವುದು ಮುಂದಿನ ತಲೆಮಾರಿಗೆ ಕಚೇರಿ ಅಲೆದಾಟವನ್ನು ಬಿಟ್ಟುಹೋಗುವುದು.

ಒಡೆತನ ಅನಿಶ್ಚಿತವಾದರೆ ಮರ ಉಳಿಯುವುದಿಲ್ಲ ಎಂಬುದಕ್ಕೆ ಶ್ರೀಗಂಧಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ರೈತನ ಹೊಲದಲ್ಲಿ ಹುಟ್ಟಿದ ಗಂಧವೂ ಸರಕಾರದ್ದೇ ಎಂಬ ಕಾನೂನು ಇದ್ದಷ್ಟು ಕಾಲ ಗಂಧದ ಸಸಿ ಕಂಡರೆ ಕಿತ್ತೆಸೆಯುವುದೇ ಕ್ಷೇಮವೆಂದು ರೈತ ಭಾವಿಸಿದ. 2001ರ ತಿದ್ದುಪಡಿ ಭೂಮಾಲೀಕನೇ ಒಡೆಯನೆಂದು ಒಪ್ಪಿದ ಮೇಲಷ್ಟೇ ರಾಜ್ಯದ ರೈತರು ಗಂಧವನ್ನು ಬೆಳೆಯೆಂದು ನೆಡತೊಡಗಿದರು. ಅಷ್ಟರಲ್ಲಿ ಹೊನ್ನಾವರ, ಕುಮಟಾಗಳ ಗುಡಿಗಾರರ ಉಳಿಗೆ ಗಂಧದ ಕೊರಡು ಅಪರೂಪವಾಗಿ, ಶಿವಣಿಯಂಥ ಬೇರೆ ಮರಗಳತ್ತ ಅವರು ಹೊರಳಬೇಕಾಗಿತ್ತು.

ಕೊಯ್ಯುವುದು ಎಲ್ಲಿ?

ಕಡಿಯಲು ಅನುಮತಿ ಸಿಕ್ಕಿತೆನ್ನೋಣ. ದಿಮ್ಮಿ ಹಲಗೆಯಾಗಬೇಕಾದರೆ ಗರಗಸ ಬೇಕು. ಹಿಂದೆ ದಿಮ್ಮಿಯನ್ನು ಅಟ್ಟಣಿಗೆಗೇರಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದನೆಯ ಗರಗಸದಿಂದ ಕೊಯ್ಯುವ ಕಸುಬುದಾರರು ಊರೂರಿಗೆ ಬರುತ್ತಿದ್ದರು. ಆ ಕಸುಬು ಬಹುತೇಕ ನಿಂತಿದೆ. ಇಂದಿನ ಪರ್ಯಾಯವೆಂದರೆ ಪೇಟೆಯ ಸಾಮಿಲ್.

ಸಾಮಿಲ್‌ಗಳ ಕಥೆಯನ್ನು ಸುಪ್ರೀಂ ಕೋರ್ಟಿನ ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಿಂದ ಬೇರ್ಪಡಿಸಲಾಗದು. 1996ರ ಡಿಸೆಂಬರ್ 12ರ ಆದೇಶ ಅರಣ್ಯದ ಒಳಗಿನ ಅನಧಿಕೃತ ಸಾಮಿಲ್‌ಗಳನ್ನು ನಿಲ್ಲಿಸಿತು. 2002ರ ಅಕ್ಟೋಬರ್‌ನಲ್ಲಿ ಕೇಂದ್ರ ಉನ್ನತಾಧಿಕಾರ ಸಮಿತಿಯ ಒಪ್ಪಿಗೆಯಿಲ್ಲದೆ ಹೊಸ ಸಾಮಿಲ್ ತೆರೆಯದಂತೆ ನ್ಯಾಯಾಲಯ ತಡೆಯಿತು. 2016ರ ನವೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ಮರ ಆಧಾರಿತ ಕೈಗಾರಿಕೆಗಳ ಮಾರ್ಗಸೂಚಿ ಈ ಅಧಿಕಾರವನ್ನು ರಾಜ್ಯ ಮಟ್ಟದ ಸಮಿತಿಗಳಿಗೆ ಒಪ್ಪಿಸಿತು. ಅಧಿಸೂಚಿತ ಅರಣ್ಯದ ಗಡಿಯಿಂದ 10 ಕಿಲೋಮೀಟರ್ ದೂರ ಎಂಬುದು ಈ ವಿಚಾರದಲ್ಲಿ ಬಹುಕಾಲದ ಅಳತೆಗೋಲು. ಕೈಗಾರಿಕಾ ವಸಾಹತು, ಪಟ್ಟಣ ಪ್ರದೇಶಗಳಿಗೆ ರಿಯಾಯಿತಿ ಉಂಟು.

ಬಯಲುಸೀಮೆಯಲ್ಲಿ ಈ ಅಳತೆ ಅರ್ಥಪೂರ್ಣವಾಗಿರಬಹುದು. ಕಡಲು ಮತ್ತು ಘಟ್ಟಗಳ ನಡುವಿನ ಕಿರಿದಾದ ಪಟ್ಟಿಯಲ್ಲಿರುವ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಕಾಡಿನಿಂದ 10 ಕಿಲೋಮೀಟರ್ ದೂರ ಸರಿದರೆ ಬಹುತೇಕ ಕಡೆ ಸಮುದ್ರಕ್ಕೇ ಇಳಿಯಬೇಕಾಗುತ್ತದೆ. ಅಮೆರಿಕ, ಸ್ವೀಡನ್‌ಗಳಲ್ಲಿ ರೈತ ತನ್ನ ವಾಹನದ ಹಿಂದೆ ಕಟ್ಟಿ ಒಯ್ಯುವ ಸಂಚಾರಿ ಗರಗಸ ಯಂತ್ರದಿಂದ ಮರ ಬಿದ್ದ ಜಾಗದಲ್ಲೇ ಹಲಗೆ ತೆಗೆಯುತ್ತಾನೆ. ನಮ್ಮಲ್ಲಿ ಯಂತ್ರಬಲದಿಂದ ದಿಮ್ಮಿ ಸೀಳುವುದು ಪರವಾನಿಗೆ ಬೇಡುವ ಉದ್ಯಮ. ಸ್ವಂತ ಮನೆಯ ನಾಲ್ಕು ಬಾಗಿಲಿಗೆ ಕೊಯ್ಯುವವನನ್ನೂ ದಿನಕ್ಕೆ ನೂರಾರು ದಿಮ್ಮಿ ಸೀಳುವ ವ್ಯಾಪಾರಿಯನ್ನೂ ಬೇರ್ಪಡಿಸುವ ಸ್ಪಷ್ಟ ಗೆರೆ ಇಲ್ಲ.

ಲೆಕ್ಕದಲ್ಲಿ ಸೋಲುವವರು

ಇದರ ಆರ್ಥಿಕ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ದಿಮ್ಮಿಯ ಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ವರ್ಗ ಮಾಡಿ ಉದ್ದದಿಂದ ಗುಣಿಸುವುದು ನಾಟಾ ವ್ಯಾಪಾರದ ರೂಢಿ. 60 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ ಸುಮಾರು 15.6 ಘನ ಅಡಿ. ಅದರ ನಿಜವಾದ ಗಾತ್ರ ಸುಮಾರು 19.9 ಘನ ಅಡಿ. ಐದನೇ ಒಂದು ಭಾಗಕ್ಕಿಂತ ಹೆಚ್ಚು ಅಳತೆಯಲ್ಲೇ ಕರಗುತ್ತದೆ. ಕೊಯ್ಯುವಾಗಿನ ನಷ್ಟಕ್ಕೆಂದು ಬಿಟ್ಟ ಪಾಲು ಅದು ಎಂಬ ಸಮರ್ಥನೆ ಇದೆ. ಆದರೆ ಆ ನಷ್ಟವೆಂದರೆ ಪಕ್ಕೆ ಹಲಗೆ, ತುಂಡು, ಹುಡಿ. ತೋಟದಲ್ಲೇ ಕೊಯ್ದರೆ ಪಕ್ಕೆ ಹಲಗೆ ಬಚ್ಚಲ ಒಲೆಗೂ ಅಡಕೆ ಬೇಯಿಸುವ ಒಲೆಗೂ ಸಲ್ಲುತ್ತದೆ, ಹುಡಿ ಕೊಟ್ಟಿಗೆಗೆ ಹಾಸಾಗಿ ಕೊನೆಗೆ ಗೊಬ್ಬರವಾಗುತ್ತದೆ.

ಅನುಮತಿಯ ಅಲೆದಾಟಕ್ಕೆ ಹೆದರಿದ ರೈತ ಕೊನೆಗೆ ಮರವನ್ನು ನಿಂತಲ್ಲೇ ವ್ಯಾಪಾರಿಗೆ ಮಾರುತ್ತಾನೆ. ಕಾಗದಪತ್ರ, ಕಟಾವು, ಸಾಗಣೆ ಎಲ್ಲವೂ ವ್ಯಾಪಾರಿಯ ಹೊಣೆ. ಬೆಲೆ ಕಟ್ಟುವವನೂ ಅವನೇ. ನಲವತ್ತು ವರ್ಷ ಬೆಳೆಸಿದವನಿಗಿಂತ ಕಾಗದ ನಡೆಸಬಲ್ಲವನಿಗೆ ಹೆಚ್ಚು ಲಾಭ ಸಿಗುವ ವ್ಯವಸ್ಥೆಯಿದು.

ಕಾಯುವುದಕ್ಕೂ ಬೆಲೆಯಿದೆ. ಒಂದು ಇಂಚು ದಪ್ಪದ ಹಲಗೆ ಗಾಳಿಯಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕೆಂಬುದು ಬಡಗಿಗಳ ಸ್ಥೂಲ ಲೆಕ್ಕ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಮಳೆಗಾಲ ಕಳೆದೊಡನೆ ಕೊಯ್ದು, ನಡುವೆ ರೀಪು ಕೊಟ್ಟು, ಗಾಳಿಯಾಡುವ ಮಾಡಿನಡಿ ಪೇರಿಸಿಡಬೇಕು. ಅನುಮತಿ ಏಪ್ರಿಲ್ ಕೊನೆಗೆ ಬಂದರೆ ಕಡಿದ ದಿಮ್ಮಿ ಜೂನ್ ಮಳೆಗೆ ಸಿಕ್ಕಿ ಹುಳಕ್ಕೂ ಒರಲೆಗೂ ಆಹಾರ. ಸರಕಾರಿ ಕಡತಕ್ಕೆ ಋತುಮಾನವಿಲ್ಲ, ಮರಕ್ಕೆ ಇದೆ.

ನಿಯಂತ್ರಣವೂ ಅಕಾರಣವಲ್ಲ

ಇಷ್ಟಾದರೂ ಕಾನೂನನ್ನು ಸಂಪೂರ್ಣ ಕಿತ್ತುಹಾಕಿ ಎನ್ನುವವರ ಮಾತನ್ನು ಒಪ್ಪಲಾಗದು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಅಪ್ಪಿಕೋ ಚಳವಳಿ ಆರಂಭಿಸಿದ್ದು ಇದೇ ಜಿಲ್ಲೆಯಲ್ಲಿ. ಮಾಲ್ಕಿ ಮರದ ರಹದಾರಿಯಲ್ಲಿ ಕಾಡಿನ ಮರ ಸಾಗಿಸುವ ದಂಧೆ ಕಟ್ಟುಕಥೆಯಲ್ಲ. ದಿಮ್ಮಿ ಒಮ್ಮೆ ಹಲಗೆಯಾದರೆ ಅದು ತೋಟದ್ದೋ ಕಾಡಿನದೋ ಎಂದು ಹೇಳುವುದು ಕಷ್ಟ. ಕಾಡಿನ ಅಂಚಿನಲ್ಲಿ ಗರಗಸ ಬೇಡ ಎಂಬ ನಿಲುವಿಗೆ ಇದೇ ಆಧಾರ.

ಇಳಿಜಾರಿನ ಪ್ರಶ್ನೆಯೂ ಇದೆ. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಣ್ಣಾದರು. 2024ರ ಜುಲೈ 16ರಂದು ನೆರೆಯ ಅಂಕೋಲಾದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಪಕ್ಕದ ಗುಡ್ಡ ಜಾರಿತು. ಅಲ್ಲಿ ಹೆದ್ದಾರಿಗಾಗಿ ಗುಡ್ಡ ಕಡಿದ ರೀತಿ ಪ್ರಶ್ನೆಗೊಳಗಾಯಿತು, ರೈತನ ಕೊಡಲಿಯಲ್ಲ. ಆದರೂ ಮನೆಯ ಹಿಂದಿನ ಧರೆಯನ್ನು ಬೇರಿನಿಂದ ಹಿಡಿದಿಟ್ಟ ಮರ ಮಾಲೀಕನ ಸ್ವತ್ತಷ್ಟೇ ಅಲ್ಲ, ಕೆಳಗಿನ ಮನೆಯವರ ರಕ್ಷಣೆಯೂ ಹೌದು ಎಂಬುದನ್ನು ಮರೆಯುವಂತಿಲ್ಲ.

ಜನರಿಗೆ ನೋವಾಗುವುದು ನಿಯಮ ಇರುವುದರಿಂದಲ್ಲ, ಅದು ಎಲ್ಲರಿಗೂ ಒಂದೇ ಆಗಿಲ್ಲದಿರುವುದರಿಂದ. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯನ್ನು ಒಳಗೊಂಡ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ 2025ರಲ್ಲಿ ಚರ್ಚೆಗೆ ಬಂದಾಗ, ಅದಕ್ಕೆ ಸುಮಾರು 15 ಸಾವಿರ ಮರಗಳು ಬಲಿಯಾಗಬೇಕಾದೀತೆಂಬ ಅಂಕಿ ಮುಂದಿತ್ತು. ಸಿಂಗಳೀಕಗಳ ಕಾಡಿನಲ್ಲಿ ಸಾವಿರಾರು ಮರಗಳ ಪ್ರಸ್ತಾವವನ್ನು ಸರಕಾರವೇ ಹೊತ್ತು ತಿರುಗುತ್ತದೆ. ತೋಟದ ಒಂದು ಸಾಗವಾನಿಗೆ ರೈತನೇ ಕಡತ ಹೊತ್ತು ತಿರುಗಬೇಕು. ಈ ವ್ಯತ್ಯಾಸ ಹಳ್ಳಿಯ ಕಟ್ಟೆಯ ಮೇಲೆ ಕುಳಿತವರಿಗೆ ಚೆನ್ನಾಗಿ ಕಾಣುತ್ತದೆ.

ಮಾದರಿ ನಿಯಮ ಎಷ್ಟು ಮಾದರಿ?

ಜೂನ್ 2025ರ ನಿಯಮಗಳ ಪ್ರಕಾರ ರೈತ ತನ್ನ ಜಮೀನು, ಮರದ ಜಾತಿ, ಸಂಖ್ಯೆ, ನೆಟ್ಟ ಕಾಲವನ್ನು ರಾಷ್ಟ್ರೀಯ ನಾಟಾ ನಿರ್ವಹಣಾ ಜಾಲತಾಣದಲ್ಲಿ ನೋಂದಾಯಿಸಬೇಕು. ಹತ್ತಕ್ಕಿಂತ ಹೆಚ್ಚು ಮರಗಳಿದ್ದರೆ ನಿಯೋಜಿತ ಸಂಸ್ಥೆಯೊಂದು ಸ್ಥಳ ಪರಿಶೀಲಿಸುತ್ತದೆ. ಹತ್ತರವರೆಗಿನ ಮರಗಳಿಗೆ ಛಾಯಾಚಿತ್ರ ಸಲ್ಲಿಸಿ ಜಾಲತಾಣದಿಂದಲೇ ನಿರಾಕ್ಷೇಪಣಾ ಪತ್ರ ಪಡೆಯಬಹುದು. ಸಾಗಣೆಗೆ ದೇಶಕ್ಕೆಲ್ಲ ಒಂದೇ ಪಾಸು ಎಂಬ ವ್ಯವಸ್ಥೆ 2023ರ ಡಿಸೆಂಬರ್‌ನಲ್ಲೇ ಉದ್ಘಾಟನೆಯಾಗಿದೆ. ದೇಶದ ಅರಣ್ಯ ಸ್ಥಿತಿಯ 2023ರ ವರದಿ ಅರಣ್ಯದ ಹೊರಗಿನ ಮರಗಳಿಂದ ವರ್ಷಕ್ಕೆ ಸುಮಾರು 91 ದಶಲಕ್ಷ ಘನ ಮೀಟರ್ ನಾಟಾ ಸಿಗಬಲ್ಲದೆಂದು ಅಂದಾಜಿಸಿದೆ. ಇಂಥ ಸುಧಾರಣೆ ಸ್ವಾಗತಾರ್ಹ.

ಆದರೆ ಮಾದರಿ ನಿಯಮ ರಾಜ್ಯಗಳಿಗೆ ಮಾರ್ಗದರ್ಶಿ ಮಾತ್ರ. ರಾಜ್ಯ ಅಳವಡಿಸಿಕೊಂಡಷ್ಟೇ ಅದಕ್ಕೆ ಬಲ. ಅಲ್ಲದೆ ಅದರ ಕಣ್ಣಿನಲ್ಲಿರುವುದು ಸಾಲಾಗಿ ನೆಟ್ಟ ನೆಡುತೋಪು. ಹಕ್ಕಿ ತಂದು ಹಾಕಿದ ಬೀಜದಿಂದ ತೋಟದ ಅಂಚಿನಲ್ಲಿ ತಾನಾಗಿ ಹುಟ್ಟಿದ ಹೊನ್ನೆಯನ್ನು ಯಾವ ವರ್ಷ ನೆಟ್ಟಿದ್ದೆಂದು ಬರೆಯುವುದು? ಬೆಟ್ಟ ಭೂಮಿಯಲ್ಲಿ ತೋಟಿಗನೇ ನೆಟ್ಟು ಕಾಪಾಡಿದ ಮರದ ಗತಿಯೇನು? ಎಲ್ಲಕ್ಕಿಂತ ಮುಖ್ಯವಾಗಿ, ಕಡಿಯುವುದಕ್ಕೂ ಸಾಗಿಸುವುದಕ್ಕೂ ದಾರಿ ಸುಗಮವಾದರೂ ಕೊಯ್ಯುವ ಪ್ರಶ್ನೆ ಹಳೆಯ ಜಾಗದಲ್ಲೇ ಉಳಿಯುತ್ತದೆ.

ಆಗಬೇಕಾದದ್ದೇನು?

ಮೊದಲನೆಯದಾಗಿ, ಸ್ವಂತ ಬಳಕೆಗೆ ಸ್ವಂತ ಜಮೀನಿನಲ್ಲೇ ಕೊಯ್ಯುವುದನ್ನು ಉದ್ಯಮದಿಂದ ಪ್ರತ್ಯೇಕಿಸಿ, ವರ್ಷಕ್ಕೆ ಇಂತಿಷ್ಟು ಘನ ಅಡಿ ಎಂಬ ಮಿತಿಯನ್ನು ರಾಜ್ಯ ನಿಗದಿಪಡಿಸಬೇಕು. ಎರಡನೆಯದಾಗಿ, ಸಂಚಾರಿ ಗರಗಸವನ್ನು ಖಾಸಗಿಯವರ ಕೈಗಿಡಲು ಅಂಜಿಕೆಯಿದ್ದರೆ ಅದನ್ನು ಸಹಕಾರ ಸಂಘಗಳಿಗೆ ಕೊಡಬಹುದು. ಅಡಕೆಯ ವ್ಯಾಪಾರವನ್ನು ದಶಕಗಳಿಂದ ಸಹಕಾರದಲ್ಲಿ ನಡೆಸಿದ ಜಿಲ್ಲೆಗೆ ಒಂದು ಯಂತ್ರದ ದಿನಚರಿ ಪುಸ್ತಕ ಬರೆದಿಡುವುದು ಕಷ್ಟವಲ್ಲ. ಯಾರ ಮರ, ಯಾವ ಸರ್ವೆ ನಂಬರು, ಎಷ್ಟು ಹಲಗೆ ಎಂಬ ವಿವರ ಪಂಚಾಯತಿಯಲ್ಲಿ ಎಲ್ಲರಿಗೂ ಕಾಣುವಂತಿದ್ದರೆ ಕಳ್ಳನಾಟಾಕ್ಕೆ ಊರೇ ಕಾವಲು. ಮೂರನೆಯದಾಗಿ, ತಾನಾಗಿ ಬೆಳೆದ ಮರಗಳನ್ನೂ ಒಮ್ಮೆ ಎಣಿಸಿ ಪಹಣಿಗೆ ಜೋಡಿಸಬೇಕು. ನಾಲ್ಕನೆಯದಾಗಿ, ಕಡಿದಾದ ಧರೆ, ಹಳ್ಳದ ಅಂಚುಗಳ ಮರಗಳಿಗೆ ಮಾತ್ರ ನಿಷೇಧವನ್ನು ಬಿಗಿಗೊಳಿಸಬೇಕು. ಉಳಿದ ಕಡೆ ಅರ್ಜಿಯ ತೀರ್ಮಾನ ಮಳೆಗಾಲ ಮುಗಿಯುವುದರೊಳಗೆ ಆಗಬೇಕು.

ಸಾಗವಾನಿ ನೆಟ್ಟವನು ಅದರ ಹಲಗೆಯನ್ನು ಕಾಣುವುದು ವಿರಳ. ಮಕ್ಕಳಿಗೆ ಸಿಕ್ಕೀತು ಎಂಬ ನಂಬಿಕೆಯಿಂದಲೇ ಆತ ನೆಡುತ್ತಾನೆ. ಆ ನಂಬಿಕೆ ಸತ್ತರೆ ಸರಕಾರ ಎಷ್ಟೇ ವನಮಹೋತ್ಸವ ಮಾಡಿದರೂ ತೋಟಗಳಲ್ಲಿ ನೆಲದ ಮರ ಏಳುವುದಿಲ್ಲ. ನಗರ ಸೇರಿದ ಮಕ್ಕಳಿಗೆ ಊರಿನ ಮನೆ ಹಂಚಿಕೆಯ ಆಸ್ತಿಯಾಗಿ ಮಾತ್ರ ಉಳಿಯುತ್ತಿರುವ ಈ ದಿನಗಳಲ್ಲಿ, ಆ ಮನೆಯ ಬಾಗಿಲಾದರೂ ಅದೇ ನೆಲದ ಮರದಿಂದ ಆಗಲಿ ಎಂದು ಬಯಸುವುದು ದುರಾಸೆಯಲ್ಲ.